ಹಸಿಮಣ್ಣಿನ ಮೇಲೆ ಪಟ್ಟ

ದಾತುಕ್ ಸಿನಾರೋ ಅವರ ಹೆಣವನ್ನು ಮೊದಲು ಕಂಡವರು ಅವರ ತಂಗಿ ಯುನಿದಾರಮ್ಮ. ಬುಧವಾರ, ಬೆಳಿಗ್ಗೆ ಆರೂವರೆ. ದೊಡ್ಡಮನೆಯ ಹಿಂದಿನ ಮೀನುಕೊಳದಲ್ಲಿ ಒಂದು ಬಿಳಿ ಟೋಪಿ ತೇಲುತ್ತಿತ್ತು. ಅದನ್ನು ತೆಗೆಯಲು ಬಗ್ಗಿದಾಗ ಅಣ್ಣನ ಭುಜ ಕಂಡಿತು.

ಏಳೂಕಾಲಿಗೆ ನಮ್ಮ ಜೀಪು ಕೋಟೋ ಲಾವೆಹ್ ಊರೊಳಗೆ ಬಂತು. ಓಡಿಸುತ್ತಿದ್ದವನು ನಾನು, ಹೆಡ್ ಕಾನ್‌ಸ್ಟೇಬಲ್ ಯನುವಾರ್. ಪಕ್ಕದಲ್ಲಿ ಸಬ್ ಇನ್ಸ್‌ಪೆಕ್ಟರ್ ರೆಫ್ನಿತಾ. ನನಗಿಂತ ಇಪ್ಪತ್ತೆರಡು ವರ್ಷ ಚಿಕ್ಕವರು. ಅವರು ಮಾತಾಡುವುದು ಕಡಿಮೆ, ನೋಡುವುದು ಹೆಚ್ಚು. ನಾನು ನೋಡುವುದು ಕಡಿಮೆ, ಗೊಣಗುವುದು ಹೆಚ್ಚು. ಹೀಗೇ ನಾಲ್ಕು ವರ್ಷ ಸಾಗಿದೆ.

ಸಾಗೋ ಬೆಟ್ಟ ಮೋಡದಲ್ಲಿ ಮುಳುಗಿತ್ತು. ಕೊಳದ ಸುತ್ತ ಊರೇ ನಿಂತಿತ್ತು.

"ಜಾರಿ ಬಿದ್ದಿರ್ತಾರೆ ಮೇಡಂ," ಎಂದೆ. "ಮೆಟ್ಟಿಲ ತುಂಬ ಪಾಚಿ. ವಯಸ್ಸೂ ಎಪ್ಪತ್ತರ ಹತ್ರ."

"ಬಿದ್ದಿರೋದು ಮುಂದಕ್ಕೆ. ಒಡೆದಿರೋದು ಹಿಂದಲೆ. ಹೇಗೆ ಯನುವಾರಣ್ಣ?"

ದಂಡೆಗೆ ಸಾಲಾಗಿ ಜೋಡಿಸಿದ್ದ ಕಲ್ಲುಗಳಲ್ಲಿ ಒಂದು ಕಾಣೆಯಾಗಿತ್ತು. ಅದು ಇದ್ದ ಜಾಗದ ಮಣ್ಣು ಇನ್ನೂ ಹಸಿ. ನಾನೇ ಕೊಳಕ್ಕಿಳಿದು ತಡಕಾಡಿದೆ. ಹತ್ತು ನಿಮಿಷಕ್ಕೆ ಕಲ್ಲು ಸಿಕ್ಕಿತು, ಜೊತೆಗೆ ಮಂಡಿನೋವು.

ಡಾಕ್ಟರು ಹೆಣ ಒಯ್ಯಲು ಬಂದಾಗ ಇಮಾಮರು ಅಡ್ಡ ಬಂದರು.

"ಮಧ್ಯಾಹ್ನದ ನಮಾಜಿನ ಹೊತ್ತಿಗೆ ವಾಪಸ್ ಕೊಟ್ಬಿಡಿ ತಾಯಿ. ಸತ್ತವರನ್ನ ಕಾಯಿಸ್ಬಾರ್ದು."

"ಕೊಡ್ತೀವಿ," ಎಂದರು ರೆಫ್ನಿತಾ.

ಅಂದರೆ ನಮಗೆ ಸಿಕ್ಕಿದ್ದು ಐದು ಗಂಟೆ. ನಮ್ಮ ಕಡೆ ದಾತುಕ್ ಎಂದರೆ ಮನೆತನದ ಯಜಮಾನ. ಪಟ್ಟ ಮಗನಿಗೆ ಹೋಗುವುದಿಲ್ಲ, ಅಕ್ಕತಂಗಿಯರ ಮಗನಿಗೆ ಹೋಗುತ್ತದೆ. ಅಳಿಯಕಟ್ಟು. ಮನೆ, ಗದ್ದೆ ಎಲ್ಲ ಹೆಂಗಸರದು. ದಾತುಕ್ ಅದರ ಕಾವಲುಗಾರ, ಅವನ ಸಹಿಯಿಲ್ಲದೆ ಅಡ ಇಡುವಂತಿಲ್ಲ, ಅಷ್ಟೆ. ಅವನು ಸ್ವಂತ ದುಡಿದು ಗಳಿಸಿದ್ದು ಮಾತ್ರ ಶರೀಯತ್ ಪ್ರಕಾರ ಹೆಂಡತಿ ಮಕ್ಕಳಿಗೆ. ಈ ಎರಡು ಕಾನೂನುಗಳು ಒಂದೇ ಮನೆಯಲ್ಲಿರುವ ಷಡ್ಡಕರ ಹಾಗೆ. ಎದುರು ಸಿಕ್ಕರೆ ನಗು, ಒಳಗೊಳಗೆ ಮುನಿಸು.

ದಾತುಕ್ ಸತ್ತ ದಿನವೇ, ಗೋರಿ ತೋಡಿದ ಹಸಿಮಣ್ಣಿನ ಪಕ್ಕದಲ್ಲಿ, ಮನೆತನದ ಮೂರು ಕವಲಿನ ಹಿರಿಯರು ಒಟ್ಟಿಗೆ ನಿಂತು ಮುಂದಿನವನ ಹೆಸರು ಸಾರಬಹುದು. ಆಗ ಔತಣವಿಲ್ಲ, ಖರ್ಚಿಲ್ಲ. ಮೂವರಲ್ಲಿ ಒಬ್ಬರು ತಪ್ಪಿದರೂ ಪಟ್ಟ ಮೂಲೆಗೆ. ಆಮೇಲೆ ಕೋಣ ಕಡಿದು ಊರಿಗೆಲ್ಲ ಉಣಿಸಿಯೇ ಅದನ್ನು ಎತ್ತಬೇಕು. ಹಾಗೆ ಹದಿನೆಂಟು ವರ್ಷ ಮೂಲೆಯಲ್ಲಿ ಬಿದ್ದ ಪಟ್ಟ ನನ್ನ ತಾಯಿಮನೆಯಲ್ಲೇ ಇದೆ.

* * *

ಕಾಫಿ ಅಂಗಡಿಯವನಿಗೆ ಹೇಳಲು ಅವಸರ.

"ನಿನ್ನೆ ಸಾಯಂಕಾಲ ಇದೇ ಬೆಂಚಲ್ಲಿ ಅಪ್ಪ ಮಗನಿಗೆ ಜೋರು ಜಗಳ ಸಾರ್."

"ಯಾತಕ್ಕೆ?"

"ಕೆಳಗಿನ ಗದ್ದೆಗೆ. ತಾಯಿಮನೆ ಗದ್ದೆ, ಆದ್ರೆ ಉಳೋದು ಮಗ ರಾಫ್ಕಿ. ದಾತುಕ್ ಬದುಕಿರೋವರೆಗೂ ಉಳ್ಬೋದು ಅಂತ ಮಾತಾಗಿತ್ತು. 'ಹದಿನೈದು ವರ್ಷ ಕೆಸರು ತುಳಿದಿದೀನಿ, ನನ್ನ ಹೆಸರಿಗೆ ಬರ್ಕೊಡಿ' ಅಂದ ಅವನು. 'ನನ್ನದಲ್ಲದ್ದನ್ನ ಹೇಗೆ ಬರ್ಕೊಡ್ಲಿ' ಅಂದ್ರು ಇವರು."

"ಆಮೇಲೆ?"

"'ನೀವು ಅತ್ತೆ ಮಕ್ಕಳಿಗೆ ಮಾವ ಆಗಿದ್ದೇ ಬಂತು, ನನಗೆ ಯಾವತ್ತು ಅಪ್ಪ ಆದ್ರಿ?' ಅಂದ್ಬಿಟ್ಟ. ಮುದುಕ್ರು ಕಾಫಿ ಅಲ್ಲೇ ಬಿಟ್ಟು ಮಸೀದಿಗೆ ಎದ್ದು ಹೋದ್ರು."

ದಾತುಕರ ವಾಸ ಮಸೀದಿಯಲ್ಲೇ. ಹೆಂಡತಿ ಸತ್ತ ಮೇಲೆ ಹೆಂಡತಿಯ ಮನೆಯಲ್ಲಿ ಇರುವಂತಿಲ್ಲ, ತಾಯಿಮನೆಯಲ್ಲಿ ಗಂಡಸಿಗೆ ಕೋಣೆಯಿಲ್ಲ. ಬೆಳಗಿನ ನಮಾಜು ಮುಗಿಸಿ ತಂಗಿಯ ಕೊಳಕ್ಕೆ ಬಂದು ಮೀನಿಗೆ ಅನ್ನ ಹಾಕುವುದು ಅವರಿಗಿದ್ದ ಒಂದೇ ಸಂಸಾರ. ಇಡೀ ಮನೆತನದ ಯಜಮಾನ, ಚಾಪೆ ಮಾತ್ರ ಮಸೀದಿಯ ಮೂಲೆಯಲ್ಲಿ. ನನಗೂ ಮುಂದೆ ಅದೇ ಗತಿ.

ರಾಫ್ಕಿ ಹಳ್ಳದಾಚೆ ತನ್ನ ತಾಯಿಯ ಮನೆಯ ಜಗಲಿಯಲ್ಲಿ ಕುಳಿತಿದ್ದ. ಪ್ಯಾಂಟಿನ ಕೆಳತುದಿ ಒದ್ದೆ.

"ಬೆಳಿಗ್ಗೆ ಕೊಳದ ಹತ್ರ ಹೋಗಿದ್ಯಾ?" ರೆಫ್ನಿತಾ ಕೇಳಿದರು.

"ಹೋಗಿದ್ದೆ. ಆರು ಗಂಟೆಗೆ. ತಪ್ಪಾಯ್ತು ಅನ್ನೋಕೆ."

"ಅಂದ್ಯಾ?"

"ಬಾಯಿ ಬರ್ಲಿಲ್ಲ. ಅಪ್ಪ ಕೈ ಮುಂದೆ ಮಾಡಿದ್ರು, ಮುತ್ತಿಟ್ಟೆ. ಹೋಗು, ಗದ್ದೆಗೆ ನೀರು ಬಿಡು ಅಂದ್ರು. ಬಂದ್ಬಿಟ್ಟೆ."

"ಯಾರಾದ್ರೂ ನೋಡಿದ್ರಾ?"

"ಮೀನು ನೋಡಿರ್ಬೋದು," ಎಂದು ಅವನು ಮುಖ ಮುಚ್ಚಿಕೊಂಡ.

ಅಷ್ಟರಲ್ಲಿ ಠಾಣೆಯಿಂದ ದೊಡ್ಡ ಸಾಹೇಬರ ಫೋನು. ಊರವರು ಆಗಲೇ ಸುದ್ದಿ ಮುಟ್ಟಿಸಿದ್ದರು. ಮಗನನ್ನು ಹಿಡಿದು ತನ್ನಿ ಎಂದರು. ನಾನೇ ಕೋಳ ಹಾಕಿ ಜೀಪಿನ ಹಿಂದೆ ಕೂರಿಸಿದೆ.

"ಅಪ್ಪನನ್ನ ಮಣ್ಣಿಗಿಳಿಸೋಕಾದ್ರೂ ಬಿಡಿ ಸಾರ್. ಇರೋದು ನಾನೊಬ್ನೇ."

ನನಗೂ ಮಗನಿದ್ದಾನೆ. ಆದರೂ ಬಾಗಿಲು ಹಾಕಿದೆ.

"ಇವನೇ ಅಂತೀರಾ?" ರೆಫ್ನಿತಾ ಮೆಲ್ಲಗೆ ಕೇಳಿದರು.

"ಮತ್ತಿನ್ಯಾರು ಮೇಡಂ? ಜಗಳ ಇದೆ, ಒದ್ದೆ ಬಟ್ಟೆ ಇದೆ, ಹೋಗಿದ್ದೆ ಅಂತ ಅವನೇ ಒಪ್ಕೊಂಡಿದಾನೆ."

"ಅಪ್ಪ ಇರೋವರೆಗೆ ಗದ್ದೆ. ಅಪ್ಪ ಹೋದ್ರೆ ಗದ್ದೇನೂ ಹೋಯ್ತು. ಅವರು ನೂರು ವರ್ಷ ಬಾಳ್ಲಿ ಅಂತ ಹರಕೆ ಹೊರಬೇಕಾದವನು ಇವನೊಬ್ಬ. ಠಾಣೆಗೆ ಬೇಡ. ದೊಡ್ಡಮನೆಗೆ ನಡೀರಿ."

* * *

ದೊಡ್ಡಮನೆಯ ಅಂಗಳದಲ್ಲಿ ಒಬ್ಬ ಯುವಕ ಬೈಕಿನ ಪಕ್ಕ ಬಿಳಿಚಿಕೊಂಡು ನಿಂತಿದ್ದ. ಇಸ್ತ್ರಿ ಮಾಡಿದ ಹಸಿರು ಅಂಗಿ, ಕಂಕುಳಲ್ಲಿ ಫೈಲು. ಹೆಸರು ಫದ್ಲಾನ್. ಪೇಟೆಯ ಶರೀಯಾ ಬ್ಯಾಂಕಿನವನು.

"ಸಾವಿನ ಮನೆಗೆ ಫೈಲ್ ಹಿಡ್ಕೊಂಡು ಬಂದಿದೀರಲ್ಲ?" ಎಂದೆ.

"ಸಾವಾಗಿದೆ ಅಂತ ಗೊತ್ತಿರ್ಲಿಲ್ಲ ಸಾರ್. ಇವತ್ತು ಮಧ್ಯಾಹ್ನ ಹೊಸ ದಾತುಕರ ಸಹಿ ಸಿಗ್ತದೆ, ಬನ್ನಿ ಅಂತ ಜಸ್ಮಿಲ್ ಅವರು ನಿನ್ನೆ ಹೇಳಿದ್ರು. ನಾನು ಸ್ವಲ್ಪ ಬೇಗನೇ ಬಂದೆ."

ಜಸ್ಮಿಲ್ ಎಂದರೆ ಯುನಿದಾರಮ್ಮನ ಮಗ. ಸತ್ತವರಿಗೆ ಅಳಿಯ. ಜಕಾರ್ತದಲ್ಲಿ ಬಟ್ಟೆ ವ್ಯಾಪಾರ ಮಾಡಿ ಕೈಸುಟ್ಟುಕೊಂಡು ಬಂದವನು. ಈಗ ಪೇಟೆಯಲ್ಲಿ ಮದುವೆ ಮಂಟಪ ಕಟ್ಟುವ ಹುಚ್ಚು.

"ಸಹಿ ಯಾತಕ್ಕೆ?" ರೆಫ್ನಿತಾ ಕೇಳಿದರು.

"ಮಂಟಪಕ್ಕೆ ನಮ್ಮ ಬ್ಯಾಂಕ್ ಹಣ ಹಾಕ್ತದೆ ಮೇಡಂ. ಬಡ್ಡಿ ಇಲ್ಲ. ಪೂರ್ತಿ ಧರ್ಮಸಮ್ಮತ. ಲಾಭದಲ್ಲಿ ಪಾಲು ಅಷ್ಟೆ. ಕೆಳಗಿನ ಗದ್ದೆ ಆಧಾರ."

"ಮಂಟಪ ಮುಳುಗಿದ್ರೆ?"

ಅವನು ಫೈಲಿನ ಮೂಲೆ ತಿರುವಿದ. "ಗದ್ದೆ ಮಾರಾಟಕ್ಕೆ ಬರ್ತದೆ."

"ದಾತುಕ್ ಏನಂದಿದ್ರು?"

"ಮೂರು ಸಲ ಹೋಗಿ ಕೇಳ್ದೆ. ಮೂರು ಸಲವೂ ಅದೇ ಮಾತು. ತಾಯಿಮನೆ ಗದ್ದೆ ಅಡ ಇಡೋಕೆ ನಾಲ್ಕೇ ಕಾರಣ. ಮನೇಲಿ ಹೆಣ ಇದ್ದು ಮಣ್ಣು ಮಾಡೋಕೆ ಗತಿ ಇಲ್ದಿದ್ರೆ, ವಯಸ್ಸಿಗೆ ಬಂದ ಹುಡುಗಿಗೆ ಮದುವೆ ಆಗ್ದಿದ್ರೆ, ದೊಡ್ಡಮನೆ ಸೋರ್ತಿದ್ರೆ, ಮೂಲೆಗೆ ಬಿದ್ದ ಪಟ್ಟ ಎತ್ತೋದಿದ್ರೆ. 'ಮಂಟಪ ಇದ್ರಲ್ಲಿ ಎಲ್ಲಿದೆ ತೋರ್ಸಪ್ಪ' ಅಂತ ನಗ್ತಿದ್ರು. ಕೊನೇ ಸಲ ನನಗೇ ಕಾಫಿ ಕುಡಿಸಿ ಕಳಿಸಿದ್ರು."

"ಹಾಗಿದ್ರೂ ನೀವು ಬಿಡ್ಲಿಲ್ಲ."

"ಜಿಲ್ಲೆಯ ಒಂಬತ್ತು ಶಾಖೆಯಲ್ಲಿ ನಮ್ಮದೇ ಕೊನೆ ಮೇಡಂ. ಪ್ರತಿ ಸೋಮವಾರ ಪಟ್ಟಿ ಅಂಟಿಸ್ತಾರೆ, ನನ್ನ ಹೆಸರಿಗೆ ಕೆಂಪು ಗೆರೆ. ಶುಕ್ರವಾರ ಕಮಿಟಿ. ಸಹಿ ಇಲ್ದಿದ್ರೆ ಅರ್ಜಿ ಬಿದ್ದುಹೋಗ್ತಿತ್ತು."

ಬ್ಯಾಂಕಿನ ಹೆಸರಿನಲ್ಲಿ ಶರೀಯಾ ಇದ್ದರೂ ಕೆಂಪು ಗೆರೆ ಎಲ್ಲ ಕಡೆಯಂಥದೇ. ಪಾಪ ಅನ್ನಿಸಿತು. ಸಿಟ್ಟೂ ಬಂತು.

* * *

ಜಸ್ಮಿಲ್ ಜಗಲಿಯಲ್ಲಿದ್ದ. ಅಮ್ಮ ಫೋನ್ ಮಾಡಿದ ಮೇಲೆ ಎಂಟು ಗಂಟೆಗೆ ಪೇಟೆಯ ಹೆಂಡತಿ ಮನೆಯಿಂದ ಬಂದೆ ಎಂದ. ಕಣ್ಣು ಕೆಂಪಗಿತ್ತು. ಪಕ್ಕದಲ್ಲಿ ಮೂರು ಕವಲಿನ ಹಿರಿಯರಲ್ಲೊಬ್ಬರು, ಬೆಟ್ಟದ ಮೇಲಿನ ಹಾಡಿಯ ದಾತುಕ್ ಮರಾಜೋ. ಎಂಬತ್ತರ ಮುದುಕರು, ಮೂರು ಗಂಟೆ ನಡೆದು ಬಂದವರು. ಮೈಮೇಲೆ ಜರಿ ಅಂಚಿನ ಕಪ್ಪು ಮಖಮಲ್ಲು, ತಲೆಗೆ ನೆರಿಗೆಯ ರುಮಾಲು, ಸೊಂಟದಲ್ಲಿ ಬಾಕು. ಸಾವಿನ ಮನೆಗೆ ಹಾಗೆ ಯಾರೂ ಬರುವುದಿಲ್ಲ. ಮುದುಕರ ಶೋಕಿ ಎಂದುಕೊಂಡೆ.

"ಯಜಮಾನ್ರೇ, ಸುದ್ದಿ ಯಾರು ಹೇಳಿದ್ರು?" ರೆಫ್ನಿತಾ ಕೇಳಿದರು.

"ಯಾವ ಸುದ್ದಿ ತಾಯಿ? ನಮ್ಮ ಹಾಡಿಗೆ ಫೋನೂ ಇಲ್ಲ, ಗೀನೂ ಇಲ್ಲ. ನಿನ್ನೆ ಮಧ್ಯಾಹ್ನ ಈ ಹುಡುಗ ವೀಳ್ಯ ತಂದ. ನಾಳೆ ಪಟ್ಟದ ಮಾತಿದೆ, ಬರ್ಬೇಕು ಅಂದ. ಬೆಳಗಾಗೋ ಮುಂಚೆ ಹೊರಟೆ. ಬಂದು ನೋಡಿದ್ರೆ ಸಾವಿನ ಮನೆ."

ನನ್ನ ಪೆನ್ನು ನಿಂತಿತು. ಜಸ್ಮಿಲ್ ಮಾತ್ರ ಅಲುಗಾಡಲಿಲ್ಲ.

"ಹೌದು ಮೇಡಂ. ಬದುಕಿರೋವಾಗ್ಲೇ ಪಟ್ಟ ಬಿಟ್ಕೊಡ್ತೀನಿ ಅಂದಿದ್ರು ಮಾವ. ಇವತ್ತೇ. ಮೂವರು ಹಿರಿಯರಿಗೂ ನಾನೇ ವೀಳ್ಯ ಕೊಟ್ಟು ಬಂದೆ. ನಿನ್ನೆ ರಾಫ್ಕಿ ಜಗಳ ತೆಗ್ದಿದ್ದೂ ಅದಕ್ಕೇ ಇರ್ಬೇಕು. ಇವತ್ತು ಕೈಗೆ ಬರೋ ಪಟ್ಟಕ್ಕೆ ನಾನು ಯಾಕೆ ಕೊಲೆ ಮಾಡ್ಲಿ?"

ಬದುಕಿರುವಾಗಲೇ ಪಟ್ಟ ಬಿಟ್ಟುಕೊಡುವುದು ನಮ್ಮಲ್ಲಿ ಉಂಟು. ಕಾಲುನೋವು ಬಂದ ಮುದುಕರು ಹಾಗೆ ಮಾಡುತ್ತಾರೆ. ಮಾತಿನಲ್ಲಿ ಎಲ್ಲೂ ಬಿರುಕಿಲ್ಲ. ಜೀಪಿನಲ್ಲಿ ಕುಳಿತವನೇ ಕೊಲೆಗಾರ ಎಂದು ನಾನು ಮನಸ್ಸಿನಲ್ಲೇ ಕೇಸು ಮುಗಿಸಿದೆ.

ಒಂದು ಲೋಟ ಕಾಫಿ ಸಿಗಬಹುದೇನೋ ಎಂದು ಹಿತ್ತಲ ಕಡೆ ಹೋದೆ. ಅಡುಗೆಮನೆಯಲ್ಲಿ ರೆಫ್ನಿತಾ ಒಬ್ಬರೇ ನಿಂತಿದ್ದರು. ಒಲೆಯಲ್ಲಿ ಒಂದು ಹಿಡಿ ಬೂದಿ, ಸಿಪ್ಪೆ ಸಹಿತ ಮೂರು ತೆಂಗಿನಕಾಯಿ, ಒಂದು ಕಟ್ಟು ಸೌದೆ. ಪಕ್ಕದ ಮನೆಯವರು ತಂದಿಟ್ಟ ಅನ್ನದ ಪಾತ್ರೆಗೆ ಬಾಳೆಲೆ ಮುಚ್ಚಿತ್ತು. ಕಾಫಿಯ ಸುಳಿವೇ ಇಲ್ಲ.

"ಏನ್ ನೋಡ್ತಿದೀರಿ ಮೇಡಂ? ಇಲ್ಲಿ ಏನೂ ಇಲ್ವಲ್ಲ."

"ಅದನ್ನೇ ನೋಡ್ತಿದೀನಿ," ಎಂದರು.

* * *

ಹನ್ನೊಂದೂವರೆಗೆ ಹೆಣ ವಾಪಸು ಬಂತು. ಮೀಯಿಸಿ, ಬಿಳಿ ಬಟ್ಟೆ ಸುತ್ತಿ, ದೊಡ್ಡಮನೆಯ ಉದ್ದದ ಪಡಸಾಲೆಯ ನಡುವೆ ಮಲಗಿಸಿದರು. ತಲೆಯ ಬಳಿ ಯುನಿದಾರಮ್ಮ. ಗೋಡೆಗೆ ಒರಗಿ ಮೂವರು ಹಿರಿಯರು, ಇಮಾಮರು. ಬಾಗಿಲಲ್ಲಿ ಫದ್ಲಾನ್. ಜಸ್ಮಿಲ್ ತಟ್ಟೆಯಲ್ಲಿ ಮಾವನ ಪಟ್ಟದ ರುಮಾಲು ಇಟ್ಟುಕೊಂಡು ನಿಂತಿದ್ದ.

"ಹೊತ್ತಾಯ್ತು. ಎತ್ತೋಣ," ಎಂದ.

"ಒಂದೇ ಪ್ರಶ್ನೆ," ಎಂದರು ರೆಫ್ನಿತಾ. "ದಾತುಕ್ ಮರಾಜೋ ಅವರೇ, ಬದುಕಿರೋರು ಪಟ್ಟ ಬಿಟ್ಕೊಡೋ ದಿನ ಏನೇನು ಆಗ್ಬೇಕು?"

"ಕೋಣ ಕಡೀಬೇಕು. ಊರಿಗೆಲ್ಲ ಉಣಿಸ್ಬೇಕು. ಊಟ ಹಾಕದ ಪಟ್ಟವನ್ನ ಯಾರೂ ಒಪ್ಪಲ್ಲ."

"ಎಷ್ಟು ದಿನದ ಅಡುಗೆ?"

"ಕಾಯಿಹಾಲಲ್ಲಿ ಮಾಂಸ ಬೇಯಿಸೋ ರೆಂದಾಂಗ್ ಒಂದಕ್ಕೇ ಒಂದು ಹಗಲು ಬೇಕು. ಎರಡು ದಿನದ ಮುಂಚೆಯಿಂದ ಹೆಂಗಸರು ಹಿತ್ತಲಲ್ಲಿ ಕೂತ್ಬಿಡ್ತಾರೆ."

"ಈ ಮನೆ ಒಲೆಯಲ್ಲಿ ಒಂದು ಹಿಡಿ ಬೂದಿ ಇದೆ. ಮೂರು ಕಾಯಿ ಇದೆ, ಅದೂ ಸುಲಿದಿಲ್ಲ. ಕೋಣ ಎಲ್ಲಿ? ಬಾಣಲೆ ಎಲ್ಲಿ? ನಿನ್ನೆಯೇ ವೀಳ್ಯ ಹೋಗಿದೆ, ಇವತ್ತು ಮೂವರು ಹಿರಿಯರು ಸೇರಿದಾರೆ. ಉಣಿಸೋಕೆ ಮಾತ್ರ ಏನೂ ಇಲ್ಲ. ಅಡುಗೆ ಬೇಡದ ಪಟ್ಟ ನಮ್ಮಲ್ಲಿ ಒಂದೇ. ಹಸಿಮಣ್ಣಿನ ಮೇಲಿನದು. ಅಂದ್ರೆ ವೀಳ್ಯ ಹಂಚಿದವನಿಗೆ ಇವತ್ತು ಇಲ್ಲಿ ಹೆಣ ಬೀಳ್ತದೆ ಅಂತ ನಿನ್ನೆಯೇ ಗೊತ್ತಿತ್ತು."

ಮೂವರು ಹಿರಿಯರೂ ಜಸ್ಮಿಲ್ ಕಡೆ ತಿರುಗಿದರು.

"ಸಾವಿಗೆ ಯಾರನ್ನೂ ಕರೆಯಲ್ಲ, ಕೇಳಿದವರು ಓಡಿ ಬರ್ತಾರೆ," ರೆಫ್ನಿತಾ ಮುಂದುವರಿಸಿದರು. "ಆದ್ರೆ ಮೇಲಿನ ಹಾಡಿಗೆ ಫೋನಿಲ್ಲ. ಬೆಳಿಗ್ಗೆ ಆಳು ನಡೆದು ಹೋಗಿ ಸುದ್ದಿ ಹೇಳಿದ್ರೂ ಇವರು ಹೊತ್ತಿಗೆ ನಡೆದು ಬಂದು ತಲುಪ್ತಾರೆ ಅಂತ ನಂಬೋಕಾಗಲ್ಲ. ಮಣ್ಣು ಮಾಡೋದನ್ನ ತಡ ಮಾಡೋಕೆ ಶರೀಯತ್ ಬಿಡಲ್ಲ. ಹಿರಿಯರಲ್ಲಿ ಒಬ್ಬರು ತಪ್ಪಿದ್ರೆ ಪಟ್ಟ ಮೂಲೆಗೆ, ಸಹಿ ಇಲ್ಲ, ಶುಕ್ರವಾರದ ಕಮಿಟಿ ಇಲ್ಲ. ಅದಕ್ಕೇ ಮೊದಲೇ ಕರೆಸಿದ. ಗಂಡಸರನ್ನೆಲ್ಲ ನೆನಪಿಟ್ಟು ಕರೆದ. ಅಡುಗೆಮನೆ ಅಂತ ಒಂದಿದೆ ಅನ್ನೋದು ಅವನ ತಲೆಗೇ ಬರ್ಲಿಲ್ಲ."

ಜಸ್ಮಿಲ್ ನಕ್ಕ.

"ಅಡುಗೆ ಅಮ್ಮನ ಜವಾಬ್ದಾರಿ ಮೇಡಂ. ಭಾನುವಾರವೇ ಹೇಳಿದ್ದೆ. ವಯಸ್ಸಾಗಿದೆ, ಮರೆತಿದಾಳೆ. ಅಲ್ವಾ ಅಮ್ಮಾ? ಹೇಳಿದ್ದೆ ಅಲ್ವಾ?"

ಎಲ್ಲರೂ ಯುನಿದಾರಮ್ಮನ ಕಡೆ ತಿರುಗಿದೆವು. ಹೌದು ಎಂದುಬಿಟ್ಟರೆ ಸಾಕಾಗಿತ್ತು. ಮುದುಕಿ ಮರೆತಳು ಎಂದು ಊರು ನಂಬುತ್ತಿತ್ತು. ಮಗನಿಗೆ ಪಟ್ಟ ಸಿಗುತ್ತಿತ್ತು, ರಾಫ್ಕಿ ಜೈಲಿಗೆ ಹೋಗುತ್ತಿದ್ದ.

ಆಕೆ ಅಣ್ಣನ ಮುಖದ ಮೇಲಿನ ಬಟ್ಟೆ ಸರಿಮಾಡಿದರು.

"ರಾಫ್ಕಿ ಎಲ್ಲಿ?"

"ಜೀಪಲ್ಲಿ," ಎಂದೆ.

"ಕೈಗೆ ಕೋಳ ಹಾಕಿದೀಯಾ?"

"ಹಾಕಿದೀನಮ್ಮ," ಎಂದೆ.

"ನನಗೆ ಯಾರೂ ಹೇಳಿರ್ಲಿಲ್ಲ," ಎಂದರು ಯುನಿದಾರಮ್ಮ. ದನಿ ಎತ್ತಲಿಲ್ಲ, ಅಳಲಿಲ್ಲ. "ನನ್ನಣ್ಣ ಪಟ್ಟ ಬಿಟ್ಕೊಡ್ತಾನೆ ಅಂತ ಗೊತ್ತಿದ್ರೆ ನಾನು ನಲವತ್ತು ಹೆಂಗಸರನ್ನ ಕೂರಿಸ್ತಿದ್ದೆ. ನಿನ್ನೆ ಈ ಒಲೇಲಿ ಬೆಂದಿದ್ದು ನನಗೂ ನನ್ನ ಮಗಳಿಗೂ ಒಂದು ಪಾವು ಅಕ್ಕಿ. ನೀನು ನನಗೆ ಹೇಳ್ಲಿಲ್ಲ, ಮಗನೇ. ಹೇಳಿದ್ರೆ ನಾನು ಅಣ್ಣನ್ನ ಕೇಳ್ತಿದ್ದೆ."

"ಅಮ್ಮಾ!"

"ನಾನು ಸುಳ್ಳು ಹೇಳಿದ್ರೆ ಇವನ ಮುಖ ಹೇಗೆ ಮುಚ್ಲಿ?"

ತಟ್ಟೆ ಕೆಳಗೆ ಬಿತ್ತು. ಜಸ್ಮಿಲ್ ಗೋಡೆಗೆ ಒರಗಿ ಕುಸಿದ.

"ಒಂದು ಸಹಿ ಅಮ್ಮ. ಒಂದೇ ಒಂದು ಸಹಿ. ಮೂರು ತಿಂಗಳು ಕಾಲು ಹಿಡ್ದೆ. ಬೆಳಿಗ್ಗೆ ಕೊಳದ ಹತ್ರ ಕಣಜದ ಹಿಂದೆ ನಿಂತಾಗ್ಲೂ ಕೊನೇ ಸಲ ಕೇಳೋಣ ಅಂತಲೇ ಇದ್ದೆ. ಅವನು ಬಂದ, ರಾಫ್ಕಿ. ಹಿಂದಿನ ಸಂಜೆ ಬೈದವನಿಗೆ ಕೈ ಕೊಟ್ರು. ನಾನು ಹೋಗಿ ಕೇಳ್ದೆ. ಅವರು ತಿರುಗಿಯೂ ನೋಡ್ಲಿಲ್ಲ. ಮೀನಿಗೆ ಅನ್ನ ಹಾಕ್ತಾನೇ ಇದ್ರು."

ರಾಫ್ಕಿ ಹೇಳಿದ್ದು ನಿಜವೆಂದು ಹೀಗೆ ಕೊಲೆಗಾರನ ಬಾಯಿಂದಲೇ ಬಂತು.

"ಕೊಂದವನಿಗೆ ಕೊಲೆಯಾದವರದ್ದು ಯಾವುದೂ ಸಲ್ಲದು. ಇದು ಶರೀಯತ್ತು," ಎಂದರು ಇಮಾಮರು.

"ಅಳಿಯಕಟ್ಟಲ್ಲೂ ಅಷ್ಟೇ," ಎಂದರು ದಾತುಕ್ ಮರಾಜೋ. ಬಿದ್ದ ರುಮಾಲನ್ನು ಎತ್ತಿ ಯುನಿದಾರಮ್ಮನ ಕೈಗೆ ಕೊಟ್ಟರು.

ಎರಡು ಕಾನೂನೂ ಒಂದೇ ಮಾತಾಡಿದ್ದನ್ನು ನಾನು ಕೇಳಿದ್ದು ಅಪರೂಪ. ಸಂತೋಷವೇನೂ ಆಗಲಿಲ್ಲ.

ಮೆಟ್ಟಿಲ ಕೆಳಗೆ ಫದ್ಲಾನ್ ನನ್ನ ತೋಳು ಹಿಡಿದುಕೊಂಡ. "ಮುದುಕ್ರು ಒಪ್ಪಲ್ಲ, ಬೇರೆ ದಾತುಕ್ ಆಗಿದ್ರೆ ಇವತ್ತೇ ಆಗ್ತಿತ್ತು ಅಂತ ಹೋದ ವಾರ ನಾನೇ ಅಂದಿದ್ದೆ ಸಾರ್. ಸುಮ್ನೆ ಮಾತಿಗೆ ಅಂದಿದ್ದು." ಅವನನ್ನು ಸಮಾಧಾನ ಮಾಡಲು ನನಗೆ ಮನಸ್ಸು ಬರಲಿಲ್ಲ. ರಾಫ್ಕಿಯ ಕೋಳ ಬಿಚ್ಚಿ ಜಸ್ಮಿಲ್‌ಗೆ ಹಾಕಿದೆ.

* * *

ಗೋರಿಯ ಬಳಿ ಹೆಂಗಸರು ಬರುವ ರೂಢಿ ನಮ್ಮೂರುಗಳಲ್ಲಿಲ್ಲ. ಯುನಿದಾರಮ್ಮ ಬಂದರು. ಯಾರೂ ತಡೆಯಲಿಲ್ಲ.

ಹೆಣ ಇಳಿಸುವ ಮೊದಲು ಮನೆತನದ ಗಂಡಸೊಬ್ಬ ಮುಂದೆ ನಿಂತು, ಸತ್ತವರಿಂದ ಯಾರಿಗಾದರೂ ಸಾಲ ಬರಬೇಕಿದ್ದರೆ ನಮ್ಮನ್ನು ಕೇಳಿ, ತಪ್ಪಿದ್ದರೆ ಮನ್ನಿಸಿ ಎಂದು ಕೇಳಿಕೊಳ್ಳಬೇಕು. ಇಮಾಮರು ಕಾದರು. ಆ ಮಾತು ಆಡಬೇಕಾದವನು ಜೀಪಿನಲ್ಲಿದ್ದ. ಪಟ್ಟದ ಮಾತನ್ನು ಹಿರಿಯರು ಯಾರೂ ಎತ್ತಲಿಲ್ಲ.

ಯುನಿದಾರಮ್ಮನೇ ಮುಂದೆ ಬಂದರು.

"ನನ್ನಣ್ಣ ಯಾರಿಗಾದ್ರೂ ಕೊಡೋದಿದ್ರೆ ನನ್ನನ್ನ ಕೇಳಿ. ತೀರಿಸ್ತೀನಿ. ಅವನು ಯಾರ ಮನಸ್ಸಾದ್ರೂ ನೋಯಿಸಿದ್ರೆ ಮನ್ನಿಸ್ಬಿಡಿ."

"ಮನ್ನಿಸಿದೀವಿ," ಎಂದಿತು ಜನ.

ಆಕೆ ರಾಫ್ಕಿಯ ಕಡೆ ತಿರುಗಿದರು. ಅವನ ಮಣಿಕಟ್ಟಿನಲ್ಲಿ ನನ್ನ ಕೋಳದ ಗುರುತು ಇನ್ನೂ ಕೆಂಪಗಿತ್ತು.

"ನನ್ನ ಮಗ ನಿನಗೆ ಮಾಡಿರೋದನ್ನ ನಾನು ತೀರಿಸೋಕಾಗಲ್ಲ ಕಂದ. ಗದ್ದೆ ಪೂರ್ತಿ ಕೊಟ್ರೂ ಆಗಲ್ಲ. ಆದ್ರೂ ಕೇಳ್ತೀನಿ. ಮನ್ನಿಸ್ತೀಯಾ?"

ರಾಫ್ಕಿ ಗುಂಡಿಯ ಅಂಚಿಗೆ ಬಂದು ಚಪ್ಪಲಿ ಬಿಚ್ಚಿದ.

"ಇವತ್ತು ಆಗಲ್ಲ ಅತ್ತೆ," ಎಂದ.

ಯುನಿದಾರಮ್ಮ ತಲೆಯಾಡಿಸಿದರು. ರಾಫ್ಕಿ ಅಪ್ಪನ ತಲೆಯ ಕಡೆ ಹಿಡಿಯಲು ಗೋರಿಯೊಳಗೆ ಇಳಿದ. ಕಾಲಿನ ಕಡೆ ಹಿಡಿಯಲು ಅಳಿಯನಿರಲಿಲ್ಲ. ನಾನು ಬೂಟು ಬಿಚ್ಚಿಟ್ಟು ಇಳಿದೆ.